ಬಲಗಡೆಯಿಂದ ಹತ್ತಿದವನು

ನಾನು ಮಂಚದಿಂದ ಇಳಿಯುವುದು ಎಡಗಡೆಯಿಂದ. ಸ್ಕೂಟರ್ ಹತ್ತುವುದೂ ಎಡಗಡೆಯಿಂದ. ಕಳೆದ ತಿಂಗಳು ನನ್ನ ಹೆಂಡತಿ ನಾಗರತ್ನ ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಬಣ್ಣ ಹೊಡೆಸುವಾಗ ಮಂಚವನ್ನು ಎಡಗಡೆಯ ಗೋಡೆಗೆ ಒತ್ತರಿಸಿ ಹಾಕಿಸಿದಳು. ಮರುದಿನ ಬೆಳಗಿನ ಜಾವ ನಾನು ಎಂದಿನಂತೆ ಎದ್ದು, ಎಂದಿನಂತೆ ಎಡಕ್ಕೆ ತಿರುಗಿ, ಹೊಸ ಸುಣ್ಣದ ಗೋಡೆಗೆ ಹಣೆ ಚಚ್ಚಿಕೊಂಡೆ.

"ಕುದುರಿ ಬಿಟ್ಟು ಇಷ್ಟು ವರ್ಷ ಆತು. ಇನ್ನೂ ಕುದುರಿ ಮ್ಯಾಲಿಂದ ಇಳಿದಿಲ್ಲ ನೋಡು ಈ ಮನುಷ್ಯ" ಎಂದು ನಾಗರತ್ನ ಅರಿಶಿನ ಹಚ್ಚುತ್ತ ಗೊಣಗಿದಳು.

ಅವಳು ಹೇಳಿದ್ದು ನಿಜ. ಸೇನೆಯ ಕುದುರೆ ಪಡೆಯಲ್ಲಿ ದಫೇದಾರನಾಗಿ ಕುದುರೆಗಳನ್ನೂ ಸವಾರರನ್ನೂ ಪಳಗಿಸಿದವನು ನಾನು. ದಾವಣಗೆರೆಯಲ್ಲಿ ದಫೇದಾರ ಎಂದರೆ ದೊಡ್ಡ ಸಾಹೇಬರ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕೂರುವವನು ಎಂದು ತಿಳಿಯುತ್ತಾರೆ. "ಯಾವ ಆಫೀಸ್ನಾಗ ಇದ್ರಿ?" ಎಂದು ಬೀಗರೊಬ್ಬರು ಕೇಳಿದ್ದರು. "ಲಾಯದಾಗ" ಎಂದೆ. ಪಡೆಯಲ್ಲಿ ಎಲ್ಲದಕ್ಕೂ ಒಂದೇ ಕ್ರಮ. ಮೊದಲು ಕುದುರೆಗೆ ನೀರು, ಆಮೇಲೆ ಮೇವು, ಆಮೇಲೆ ಮಾಲೀಶು, ಕೊನೆಗೆ ನಮ್ಮ ಚಹಾ. ಹತ್ತುವುದು ಎಡಗಡೆಯಿಂದ, ಎಡಗಾಲನ್ನು ರಿಕಾಬಿನಲ್ಲಿಟ್ಟು. ರಿಕಾಬು ಎಂದರೆ ಜೀನಿನ ಎರಡೂ ಬದಿ ತೂಗುವ, ಸವಾರ ಕಾಲಿಡುವ ಕಬ್ಬಿಣದ ಬಳೆ. ಆಚೆ ಕಡೆಯಿಂದ ಹತ್ತಿದವನಿಗೆ ಮೈದಾನ ಸುತ್ತು ಹಾಕುವ ಶಿಕ್ಷೆ.

ಕುದುರೆಯ ನಂಟು ಅದಕ್ಕೂ ಹಳೆಯದು. ನಾನು ಹುಟ್ಟಿದ್ದು ದಾವಣಗೆರೆಯ ಮಗ್ಗುಲಿನ ಆನೆಕೊಂಡದಲ್ಲಿ. ಅಪ್ಪನಿಗೆ ಒಂದು ಜಟಕಾ ಗಾಡಿ ಇತ್ತು. ಅದರ ಹಿಂದಿನ ಹುಲ್ಲಿನ ಚೀಲದ ಮೇಲೆ ಮಲಗಿ ನಾನು ಬೆಳೆದೆ. ಬೇಯಿಸಿದ ಹುರುಳಿಯ ವಾಸನೆ ಬಂದರೆ ಈಗಲೂ ನನಗೆ ನಿದ್ದೆ ಎಳೆಯುತ್ತದೆ. ಅಜ್ಜಿಯದು ಒಂದು ಪದ್ಧತಿ ಇತ್ತು. ಯಾರೇ ಕುದುರೆಯ ಮೇಲೆ ಖಾಲಿ ಜೀನು ಬಿಟ್ಟರೂ ಓಡಿ ಬಂದು ಅದರ ಮೇಲೊಂದು ಗೋಣಿತಟ್ಟು ಎಸೆಯುತ್ತಿದ್ದಳು. "ಕುಂದ್ರಾಕ ಜಾಗ ಐತಿ ಅಂತ ತೋರಿಸಬಾರದಪ್ಪಾ" ಎನ್ನುತ್ತಿದ್ದಳು. ಯಾರಿಗೆ ತೋರಿಸಬಾರದು ಎಂದು ನಾವು ಕೇಳುತ್ತಿರಲಿಲ್ಲ. ಕೇಳಿದರೆ ಹೇಳಿಬಿಟ್ಟಾಳು ಎಂಬ ಭಯ.

ಇರಲಿ. ಹಣೆಯ ಬುಗುಟಿಗೆ ಅರಿಶಿನ ಹಚ್ಚಿಸಿಕೊಳ್ಳುತ್ತ ನನಗೆ ನೆನಪಾದದ್ದು ಅಜ್ಜಿಯಲ್ಲ, ಹರಿಹರದ ಗುಲಾಬಿ.

ಗುಲಾಬಿ ಬಿಳಿಯ ಹೆಣ್ಣು ಕುದುರೆ. ಮೂಗಿನ ತುದಿ ಮಾತ್ರ ನಸುಗೆಂಪು, ಅದಕ್ಕೇ ಆ ಹೆಸರು. ಅದನ್ನು ಕೊಂಡವನು ನನ್ನ ಗೆಳೆಯ ರುದ್ರಪ್ಪ. ಅವರದು ಹಳೆಯ ಅಕ್ಕಿ ವ್ಯಾಪಾರದ ಮನೆತನ. ಹರಿಹರದ ಹೊರಗೆ ಕಾಲುವೆಯ ಪಕ್ಕ ತೋಟವಿದೆ. ಮೈ ಇಳಿಸಬೇಕು ಎಂದು ಡಾಕ್ಟರು ಹೇಳಿದ ಮೇಲೆ ನಡೆಯುವುದಕ್ಕೆ ಬೇಸರಪಟ್ಟು ರುದ್ರಪ್ಪ ಕುದುರೆ ಕೊಂಡ. ದಿನವೂ ಬೆಳಿಗ್ಗೆ ತೋಟದಿಂದ ತುಂಗಭದ್ರೆಯ ದಂಡೆಯವರೆಗೆ ಸವಾರಿ ಹೋಗಿ ಬರಬೇಕು ಎಂಬುದು ಅವನ ಆಸೆ.

"ರುದ್ರಪ್ಪ, ಇದರಾಗೆ ಸಣ್ಣಗಾಗೋದು ಕುದುರಿ, ನೀನಲ್ಲ" ಎಂದೆ.

"ಬಾಯಿ ಮುಚ್ಚು ದಫೇದಾರ. ನನಗೆ ಕಲಿಸು, ಅದಕ್ಕೆ ಕಲಿಸು. ಇಬ್ರಾಗ ಯಾರು ಮೊದ್ಲು ಕಲಿತಾರೋ ನೋಡಾಣ."

ಹಾಗೆ ನಾನು ದಿನಾ ಮೊದಲ ಬಸ್ಸಿಗೆ ಹರಿಹರಕ್ಕೆ ಹೋಗತೊಡಗಿದೆ. ಮೊದಲ ದಿನವೇ ತಕರಾರು. ಎಡಗಡೆಯಿಂದ ಹತ್ತಹೋದರೆ ಗುಲಾಬಿ ಸರ್ರನೆ ಸುತ್ತಿ ತನ್ನ ಬಲ ಮಗ್ಗುಲನ್ನು ನನಗೆ ಕೊಡುತ್ತಿದ್ದಳು. ಎಷ್ಟು ಸಲ ಸುತ್ತಿದರೂ ಅಷ್ಟೇ. ಮಾರಿದವನು ದಾವಣಗೆರೆಯ ಬಾಬುಸಾಬ, ಮೊದಲು ಮದುವೆಗಳಿಗೆ ಕುದುರೆ ಕೊಡುತ್ತಿದ್ದವನು. ಅವನಿಗೆ ಫೋನ್ ಮಾಡಿದೆ.

"ಅರೇ ದಫೇದಾರ್ ಸಾಬ್, ಮದುವಿ ಗಂಡು ಬಲಗಾಲು ಮೊದ್ಲು ಇಡಬೇಕಲ್ರೀ! ಎಡಗಾಲಿಟ್ಟು ಹತ್ತಿದ್ರೆ ಸೋದರಮಾವಂದಿರು ನನ್ನ ಸುಮ್ನೆ ಬಿಡ್ತಾರಾ? ಬಲಗಾಲು ಎಡಗಡೆ ರಿಕಾಬಿನಾಗ ಇಟ್ಟು ಹತ್ತಿದ ಒಬ್ಬ ಗಂಡು ಬಾಲದ ಕಡೆ ಮುಖ ಮಾಡಿ ಕುಂತಿದ್ದ. ಬ್ಯಾಂಡಿನೋರು ನಕ್ಕು ನಕ್ಕು ಊದೋದೇ ಬಿಟ್ರು. ಅವತ್ತಿಂದ ನಮ್ಮ ಕುದುರಿಗೆಲ್ಲ ಬಲಗಡೆಯಿಂದಲೇ ಪಾಠ."

ನನ್ನ ಜೀವಮಾನದ ಶಿಸ್ತಿಗೆ ಇದು ತಲೆಕೆಳಗಾದ ವಿದ್ಯೆ. ಆದರೂ ಒಪ್ಪಲೇಬೇಕು, ಕುದುರೆ ಬಲು ಒಳ್ಳೆಯದು. ಪಟಾಕಿಗೆ ಬೆದರುವುದಿಲ್ಲ, ಲಾರಿಗೆ ಬೆದರುವುದಿಲ್ಲ. ರುದ್ರಪ್ಪ ಜೀನಿನ ಮೇಲೆ ಮೂಟೆಯಂತೆ ಒಂದು ಕಡೆ ವಾಲಿದರೆ, ತಾನೇ ಆ ಕಡೆಗೆ ಕಾಲು ಸರಿಸಿ ಅವನನ್ನು ನೆಟ್ಟಗೆ ಮಾಡುತ್ತಿದ್ದಳು. ಇದನ್ನು ಯಾರು ಕಲಿಸಿದರು ಎಂದು ಆಶ್ಚರ್ಯಪಟ್ಟೆ. ಉಪವಾಸವಿದ್ದು ನಿದ್ದೆಗೆಟ್ಟು ತೂಕಡಿಸುವ ಮದುಮಕ್ಕಳನ್ನು ಹೊತ್ತು ಹೊತ್ತು ಬಂದ ಬುದ್ಧಿ ಇರಬೇಕು.

ತೋಟದೊಳಗಿನ ಪಾಠ ಮುಗಿಯಿತು. ಕಾಲುವೆಯ ಏರಿಯ ಮೇಲಿನ ಪಾಠವೂ ಮುಗಿಯಿತು. ನದಿಗೆ ಹೋಗುವ ದಾರಿಯನ್ನು ಮೊದಲು ನಾನೇ ಸವಾರಿ ಮಾಡಿ ಪಳಗಿಸಬೇಕೆಂದು ಹೊರಟೆ. ಹೆದ್ದಾರಿ ಬೇಡವೆಂದರೆ ಊರ ಹಳೆಯ ಓಣಿಯೊಂದರ ಮೂಲಕವೇ ಹಾಯಬೇಕು. ಇಕ್ಕಟ್ಟಾದ ಓಣಿ, ಎರಡೂ ಕಡೆ ಕಲ್ಲಿನ ಕಟ್ಟೆಗಳು. ಸೂರ್ಯ ಹುಟ್ಟಿ ಬಿಸಿಲು ಇನ್ನೂ ಹೆಂಚಿನ ಮೇಲೇ ಇತ್ತು. ಅರ್ಧ ಓಣಿ ದಾಟಿರಲಿಲ್ಲ, ಹಸಿರು ಬಾಗಿಲಿನ ಒಂದು ಮನೆಯ ಮುಂದೆ ಗುಲಾಬಿ ನಿಂತಳು.

ಹಿಮ್ಮಡಿ ಒತ್ತಿದೆ. ಇಲ್ಲ. ನಾಲಿಗೆ ಚಪ್ಪರಿಸಿದೆ. ಇಲ್ಲ. ಕಿವಿಗಳನ್ನು ಹಿಂದಕ್ಕೆ, ನನ್ನ ಕಡೆಗೆ ತಿರುಗಿಸಿದಳು. ಹಠ ಮಾಡುವ ಕುದುರೆಯ ಕಿವಿ ಬೇರೆ, ಅದು ನೆತ್ತಿಗೆ ಅಂಟಿಕೊಳ್ಳುತ್ತದೆ. ಇದು ಬೆನ್ನ ಮೇಲಿನವರು ಏನು ಹೇಳುತ್ತಾರೋ ಎಂದು ಆಲಿಸುವ ಕಿವಿ. ಆದರೆ ನಾನು ಹೇಳಿದ್ದನ್ನು ಅವಳು ಕೇಳುತ್ತಿರಲಿಲ್ಲ. ಮೆಲ್ಲಗೆ ಎಡಗಾಲಿನ ಮೇಲೆ ಭಾರ ಹಾಕಿದಳು, ತುಸು ಬಿಟ್ಟು ಬಲಗಾಲಿನ ಮೇಲೆ. ರುದ್ರಪ್ಪ ವಾಲಿದಾಗ ಮಾಡುತ್ತಾಳಲ್ಲ, ಹಾಗೆ. ನಾನಂತೂ ಗೂಟ ಹೊಡೆದಂತೆ ನೆಟ್ಟಗೆ ಕುಳಿತಿದ್ದೆ.

ಕೆಳಗಿಳಿದು, ಕಾಲಿಗೆ ಕಲ್ಲು ಚುಚ್ಚಿತೇನೋ ಎಂದು ಗೊರಸುಗಳನ್ನೆಲ್ಲ ಎತ್ತಿ ನೋಡಿದೆ. ಏನೂ ಇಲ್ಲ. ಲಗಾಮು ಹಿಡಿದು ತೋಟದ ಕಡೆಗೆ ತಿರುಗಿಸಿದೆ. ಬಂದಳು. ನಾನು ಮುಂದೆ, ಅವಳು ಹಿಂದೆ. ಓಣಿಯ ಕಲ್ಲಿನ ಮೇಲೆ ಅವಳ ಹೆಜ್ಜೆ ಕೇಳುತ್ತಿತ್ತು.

ಸ್ವಲ್ಪ ನನ್ನ ಮಾತು ನಂಬಿ. ಜೀವಮಾನವಿಡೀ ಕೇಳಿದವನಿಗೆ ಬರಿಯ ಕುದುರೆಯ ಹೆಜ್ಜೆ ಬೇರೆ, ಸವಾರನನ್ನು ಹೊತ್ತ ಕುದುರೆಯ ಹೆಜ್ಜೆ ಬೇರೆ. ಖಾಲಿ ಕುದುರೆ ಲಾಳವನ್ನು ತಟ್ಟುತ್ತದೆ, ಹೊತ್ತ ಕುದುರೆ ಒತ್ತುತ್ತದೆ. ನನ್ನ ಹಿಂದಿದ್ದದ್ದು ಒತ್ತುವ ಹೆಜ್ಜೆ. ತಿರುಗಿ ನೋಡಿದೆ. ಜೀನು ಖಾಲಿ. ಆದರೆ ರಿಕಾಬುಗಳು ಅಲುಗುತ್ತಿರಲಿಲ್ಲ. ಖಾಲಿ ಜೀನಿನ ರಿಕಾಬುಗಳು ಕುದುರೆ ನಡೆದಂತೆಲ್ಲ ಹೊಟ್ಟೆಗೆ ಬಡಿಯುತ್ತ ತೂಗಾಡಬೇಕು, ಅದಕ್ಕೇ ನಾವು ಅವನ್ನು ಮೇಲಕ್ಕೆ ಎತ್ತಿ ಕಟ್ಟುವುದು; ಅವತ್ತು ಗೊರಸು ನೋಡುವ ಗಡಿಬಿಡಿಯಲ್ಲಿ ಮರೆತಿದ್ದೆ. ಗುಲಾಬಿಯ ರಿಕಾಬುಗಳು ಎರಡೂ ಕಡೆ, ಒಳಗೆ ಕಾಲಿದ್ದಂತೆ, ನೇರವಾಗಿ ನಿಂತಿದ್ದವು.

ಮತ್ತೆ ತಿರುಗಲಿಲ್ಲ. ತೋಟದಲ್ಲಿ ಜೀನು ಬಿಚ್ಚುವಾಗ ನೋಡಿದರೆ, ನಾನು ಓಣಿಯಲ್ಲಿ ಇಳಿದಾಗ ಬಿಗಿಯಾಗಿದ್ದ ಹೊಟ್ಟೆಪಟ್ಟಿ ಸಡಿಲಾಗಿತ್ತು. ಖಾಲಿ ಜೀನು ಹೊತ್ತು ನಡೆದು ಬಂದ ಕುದುರೆಯ ಪಟ್ಟಿ ಸಡಿಲಾಗುವುದಿಲ್ಲ. ಮೇಲೆ ಯಾರೋ ಕೂತು ಜೀನು ಒತ್ತಿದರೆ ಮಾತ್ರ ಆಗುತ್ತದೆ.

ನಾನು ಶಿಸ್ತಿನ ಮನುಷ್ಯ. ಶಿಸ್ತಿನ ಮನುಷ್ಯ ಹೆದರಿದರೆ ಏನು ಮಾಡುತ್ತಾನೆ? ನಿನ್ನೆ ಮಾಡಿದ್ದನ್ನೇ ನಾಳೆಯೂ ಮಾಡುತ್ತಾನೆ. ಮರುದಿನವೂ ಅದೇ ದಾರಿ ಹಿಡಿದೆ. ಅದೇ ಬಾಗಿಲು, ಅದೇ ನಿಲುಗಡೆ, ಅದೇ ಭಾರದ ಹೆಜ್ಜೆ. ಒಂದು ವಾರ ಹೀಗೇ ನಡೆಯಿತು. ಹಸಿರು ಬಾಗಿಲಿನ ಪಕ್ಕದ ಕಿಟಕಿಯಲ್ಲಿ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಗುಲಾಬಿ ನಿಂತ ಕೂಡಲೇ ಆ ಸದ್ದು ನಿಲ್ಲುತ್ತಿತ್ತು.

ರುದ್ರಪ್ಪನಿಗೆ ತಾಳ್ಮೆ ಕಡಿಮೆ. "ನದಿಗೆ ಹೋಗದ ಕುದುರಿ ನನಗೆ ಯಾಕ ಬೇಕು? ಶುಕ್ರವಾರ ಮಲೆಬೆನ್ನೂರಿಂದ ಒಬ್ಬ ಇಟ್ಟಿಗಿ ಭಟ್ಟಿಯವನು ಬರ್ತಾನೆ. ಗಾಡಿಗೆ ಹೂಡ್ತಾನಂತೆ. ಕೊಟ್ಟುಬಿಡ್ತೀನಿ."

ಹೂವಿನ ಜಾಲರಿಯ ಮದುಮಕ್ಕಳನ್ನು ಹೊತ್ತ ಕುದುರೆ ಇಟ್ಟಿಗೆ ಎಳೆಯುವುದನ್ನು ನಾನು ನೋಡಲಾರೆ. ಮತ್ತೆ ಬಾಬುಸಾಬನಿಗೆ ಫೋನ್ ಮಾಡಿ ಓಣಿಯ ಗುರುತು ಹೇಳಿದೆ.

"ಆ ಓಣಿಗೆ ಯಾಕ ಕರಕಂಡು ಹೋದ್ರಿ ಸಾಬ್? ಅವತ್ತಿಂದ ನಾನು ಆ ಕಡೆ ಹಾಯಿಸಿದ್ದೇ ಇಲ್ಲ."

ಅವನು ಹೇಳಿದ್ದು ಇಷ್ಟು. ಕೆಲವು ವರ್ಷಗಳ ಹಿಂದೆ ಆ ಹಸಿರು ಬಾಗಿಲಿನ ಮನೆಯ ಮಗಳ ಮದುವೆ. ಬೆಳಗಿನ ಮುಹೂರ್ತ. ಗಂಡು ಗುಲಾಬಿಯ ಮೇಲೆ, ಮುಖದ ಮುಂದೆ ಮಲ್ಲಿಗೆಯ ಜಾಲರಿ ಇಳಿಬಿಟ್ಟುಕೊಂಡು ಬಂದು ಚಪ್ಪರದ ಮುಂದೆ ನಿಂತ. ಅವರ ಮನೆತನದಲ್ಲಿ ಗಂಡನ್ನು ಕುದುರೆಯಿಂದ ಇಳಿಸಿಕೊಳ್ಳುವ ಹಕ್ಕು ಹೆಣ್ಣಿನ ಅಣ್ಣತಮ್ಮಂದಿರದು. ಮಣೆಯಿಟ್ಟು, ನೀರು ಹಾಕಿ, ಕೈಕೊಟ್ಟು ಇಳಿಸಿಕೊಳ್ಳಬೇಕು. ಈ ಹುಡುಗಿಗೆ ಒಡಹುಟ್ಟಿದವರು ಇರಲಿಲ್ಲ. ದೊಡ್ಡಪ್ಪನ ಮಗ ತಾನು ಇಳಿಸಿಕೊಳ್ಳುತ್ತೇನೆ ಎಂದ, ಚಿಕ್ಕಪ್ಪನ ಮಗ ತಾನು ಎಂದ. ಹಿರಿಯರು ಎರಡು ಪಂಗಡವಾದರು. ಜಗಳ ಕೇಳಿಸಬಾರದೆಂದು ವಾಲಗದವರು ಜೋರಾಗಿ ಊದಿದರು. ಬಿಸಿಲೇರಿತು. ಉಪವಾಸವಿದ್ದ ಗಂಡು ಸುಮ್ಮನೆ ಕುಳಿತೇ ಇದ್ದ. ಯಾವ ಮಾತಿಗೂ ಎದುರಾಡದ ಅಳಿಯ ಎಂದು ಹೆಂಗಸರು ಮೆಚ್ಚಿಕೊಂಡರು. ಕೊನೆಗೆ ದೊಡ್ಡಪ್ಪನ ಮಗ ಗೆದ್ದು ಬಂದು ಕೈ ಹಿಡಿದರೆ, ಆ ಕೈ ತಣ್ಣಗಿತ್ತು.

"ಎದಿ ನಿಂತು ಎಷ್ಟು ಹೊತ್ತಾಗಿತ್ತೋ ಅಲ್ಲಾಗೇ ಗೊತ್ತು. ನನಗೂ ತಿಳೀಲಿಲ್ಲ ಸಾಬ್. ಈ ಕುದುರಿ ಆ ಕಾಲು ಈ ಕಾಲು ಬದಲಾಯಿಸ್ತಾ ಇತ್ತು, ಪಾಪ ಸುಸ್ತಾಗೈತೆ ಅಂದ್ಕಂಡೆ. ಅದು ಅವನ್ನ ಬೀಳದಂಗ ಹಿಡಿದಿತ್ತು. ಆಮೇಲೆ ಯಾರೋ ಎಡಗಡೆಯಿಂದ ಎಳಕಂಡು ಕಾರಿನಾಗ ಹಾಕ್ಕಂಡು ಓಡಿದ್ರು. ಇಳಿಸಿಕೊಳ್ಳೋ ಶಾಸ್ತ್ರ ಎಲ್ಲಿ ಆತು?"

ಮರುದಿನ ಗುರುವಾರ. ಗುಲಾಬಿ ನಿಂತಳು, ಹೊಲಿಗೆ ಯಂತ್ರವೂ ನಿಂತಿತು. ಬಾಗಿಲು ತೆರೆದುಕೊಂಡಿತು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಕೊರಳಲ್ಲಿ ಅಳತೆಯ ಟೇಪು. ಗಿರಿಜಾ ಎಂದು ಹೆಸರು ಹೇಳಿದಳು. ಕುದುರೆಯ ಹತ್ತಿರ ಬರದೆ ಕಟ್ಟೆಯ ಮೇಲೇ ನಿಂತಳು.

"ಅಜ್ಜಾರೆ, ಬ್ಯಾರೆ ದಾರೀಲಿ ಹಾಯಿಸ್ರಿ ಅಂತ ಹೇಳಬೇಕು ಅಂದ್ಕಂಡಿದ್ದೆ. ದಿನಾ ಅಂದ್ಕಂತೀನಿ. ದಿನಾ ಬೆಳಗಾದ್ರೆ ಗೊರಸಿನ ಸಪ್ಪಳ ಎಲ್ಲಿ ಅಂತ ಕಾಯ್ತೀನಿ."

"ನಾಳೆಯಿಂದ ಬರಂಗಿಲ್ಲವ್ವ. ಕುದುರಿ ಮಾರಾಟ ಆಗತೈತಿ" ಎಂದೆ. ಸಮಾಧಾನವಾಗಲಿ ಎಂದು ಹೇಳಿದ್ದು.

ಅವಳ ಮುಖ ಸುಣ್ಣವಾಯಿತು. "ಮಾರಿದ್ರೆ ಅವರು ಏನ್ ಮಾಡ್ತಾರೆ? ಕುಂದ್ರಾಕ ಇದೊಂದೇ ಜಾಗ ಐತೆ ಅವರಿಗೆ. ಇದೂ ಹೋದ್ರೆ ಈ ಓಣ್ಯಾಗ ಬಿಸಿಲಾಗ ನಿಂತಿರ್ತಾರಾ?"

ನಿನಗೆ ಅವನು ಕಾಣಿಸುತ್ತಾನಾ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವಳೇ ಹೇಳಿದಳು: "ನನಗೇನೂ ಕಾಣ್ಸಂಗಿಲ್ರಿ. ಅವತ್ತೂ ಕಂಡಿಲ್ಲ. ಹೂವಿನ ಜಾಲರಿ ನೋಡಿದ್ದು ಅಷ್ಟೇ, ಮುಖ ಯಾರೂ ತೋರಿಸಲಿಲ್ಲ. ತಾಳಿ ಬಿದ್ದಿಲ್ಲ, ಅದಕ್ಕೆ ನಾನು ಗಂಡ ಸತ್ತಾಕಿ ಅಲ್ಲ. ಮದುವಿ ಚಪ್ಪರ ಹಾಕಿತ್ತು, ಅದಕ್ಕೆ ಕನ್ಯಾನೂ ಅಲ್ಲ. ಹೊಸ್ತಿಲು ತುಳಿಯೋಕೆ ಮುಂಚೆ ನುಂಗಿದ್ಲು ಅಂದ್ರು ಮಂದಿ. ಅವರನ್ನ ಇಳಿಸಿಕೊಂಡಿದ್ರೆ, ಏನಾರ ಒಂದು ಆಗ್ತಿದ್ದೆ. ಒಂದು ಸಲ ಇಳಿಸ್ಕಳಾಕೆ ಬಿಡ್ರಿ ಅಜ್ಜಾರೆ."

ನಾನು ನಂಬುವವನಲ್ಲ. ಆದರೆ ಕುದುರೆ ಪಡೆಯಲ್ಲಿ ಒಂದು ಮಾತಿದೆ, ಸವಾರನನ್ನು ಇಳಿಸದೆ ಕುದುರೆಯನ್ನು ಲಾಯಕ್ಕೆ ಬಿಡಬಾರದು. ಕ್ರಮ ಎಂದರೆ ಕ್ರಮ. "ನಾಳೆ ಬೆಳಿಗ್ಗೆ ಇದೇ ಹೊತ್ತಿಗೆ. ಮಣೆ, ನೀರು ಸಿದ್ಧವಿರಲಿ. ತಡ ಮಾಡಬೇಡ" ಎಂದೆ, ಹೊಸ ಸವಾರನಿಗೆ ಹೇಳುವ ದನಿಯಲ್ಲಿ.

ರುದ್ರಪ್ಪನ ಬಳಿ ಒಂದು ಬೆಳಗಿನ ಗಡುವು ಕೇಳಿಕೊಂಡೆ. ಇಟ್ಟಿಗೆ ಭಟ್ಟಿಯವನು ಆಮೇಲೆ ಬರಿಗೈಲಿ ಹೋದ. ಈಗ ರುದ್ರಪ್ಪ ದಿನಾ ಗುಲಾಬಿಯ ಮೇಲೆ ಆ ಓಣಿಯಿಂದಲೇ ನದಿಗೆ ಹೋಗಿ ಬರುತ್ತಾನೆ. ತೂಕ ಒಂದು ಚೂರೂ ಇಳಿದಿಲ್ಲ. ಹಸಿರು ಬಾಗಿಲಿನ ಮುಂದೆ ಕುದುರೆ ಈಗ ನಿಲ್ಲುವುದಿಲ್ಲ. ಅದು ನನ್ನ ಪಳಗಿಸುವ ಕೈಗುಣ ಎಂದು ಅವನು ಊರಿಗೆಲ್ಲ ಹೇಳಿದ್ದಾನೆ. ನಾನು ಅಲ್ಲ ಎಂದಿಲ್ಲ. ಅಲ್ಲ ಎಂದರೆ ಮುಂದಿನದನ್ನು ಹೇಳಬೇಕಾಗುತ್ತದೆ. ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಶುಕ್ರವಾರ ಗುಲಾಬಿ ನಿಂತಾಗ ಗಿರಿಜಾ ಕಟ್ಟೆಯ ಕೆಳಗೆ ಕಾದಿದ್ದಳು. ರೇಷ್ಮೆಯಲ್ಲ, ದಿನಬಳಕೆಯ ತೊಳೆದ ಸೀರೆ. ಮಣೆಯನ್ನು ಕುದುರೆಯ ಬಲಗಡೆಗೆ ಇಟ್ಟು, ಚೊಂಬಿನಿಂದ ಅದರ ಮುಂದೆ ನೀರು ಸುರಿದಳು. ನಾನು ಇಳಿದು ಲಗಾಮು ಹಿಡಿದು ಕುದುರೆಯ ತಲೆಯ ಹತ್ತಿರ ನಿಂತೆ. ರಿಕಾಬುಗಳ ಕಡೆ ನೋಡಬಾರದೆಂದುಕೊಂಡು ನೋಡಿದೆ. ನೆಟ್ಟಗೆ ನಿಂತಿದ್ದವು.

ಪಕ್ಕದ ಮನೆಯಿಂದ ಬಾಯಲ್ಲಿ ಬ್ರಷ್ ಇಟ್ಟುಕೊಂಡ ಗಂಡಸೊಬ್ಬ ಬಂದ. ಅವನೇ ಆ ದೊಡ್ಡಪ್ಪನ ಮಗ. "ಏನ್ ನಡೆಸೀಯ ಗಿರಿಜಾ? ಓಣ್ಯಾಗ ಮಂದಿ ಏನಂತಾರೆ? ಇಳಿಸೋದೇ ಆದ್ರೆ ಅದು ನಮ್ಮ ಮನೀ ಹಕ್ಕು, ನಾನು..."

"ಅವತ್ತೂ ಹಿಂಗೇ ಅಂದಿದ್ದಿ ಅಣ್ಣಾ" ಎಂದಳು ಗಿರಿಜಾ, ತಿರುಗಿ ನೋಡದೆ. "ಹಲ್ಲು ತಿಕ್ಕಾ ಹೋಗು."

ಅವನು ನೊರೆ ಉಗುಳುವುದನ್ನೂ ಮರೆತು ನಿಂತ.

ಅವಳು ಬಲಗೈಯನ್ನು ಮೇಲಕ್ಕೆ ಚಾಚಿದಳು. ಅಂಗೈ ಮೇಲಾಗಿತ್ತು. ಮದುವೆಯ ಹೆಣ್ಣು ಹೀಗೆ ಕೈ ಚಾಚಿದ್ದನ್ನು ನಾನು ಎಲ್ಲೂ ನೋಡಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ನಾಚಿಕೆಯಾಗಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ ಎಂದುಕೊಂಡೆ. ಆಗ ಗುಲಾಬಿ ಎರಡೂ ಮುಂಗಾಲುಗಳನ್ನು ನೆಲಕ್ಕೆ ಊರಿ, ಸವಾರ ಇಳಿಯುವಾಗ ಒಳ್ಳೆಯ ಕುದುರೆ ನಿಲ್ಲುವ ಹಾಗೆ, ಕಲ್ಲಾಗಿ ನಿಂತಳು. ಗಿರಿಜಾಳ ಮಣಿಕಟ್ಟು ಕೆಳಗೆ ಬಾಗಿತು. ಎಷ್ಟೋ ಜನರನ್ನು ಕೈಹಿಡಿದು ಇಳಿಸಿದವನು ನಾನು. ಇನ್ನೊಬ್ಬರ ಭಾರ ಬಿದ್ದ ಕೈ ಹೇಗೆ ಬಾಗುತ್ತದೆಂದು ನನಗೆ ಗೊತ್ತು. ಬಲಗಡೆಯ ರಿಕಾಬು ಒಮ್ಮೆ ಹೊಟ್ಟೆಗೆ ಬಡಿದು ತೂಗಾಡತೊಡಗಿತು.

ಗುಲಾಬಿ ಉದ್ದವಾಗಿ ಉಸಿರು ಬಿಟ್ಟು, ಮೈಯನ್ನೆಲ್ಲ ಒಮ್ಮೆ ಜಾಡಿಸಿಕೊಂಡಳು.

ಇನ್ನು ಕರ್ಪೂರ ಹಚ್ಚಿ, ಕೈ ಮುಗಿದು, ಹೋಗಿಬರ್ರಿ ಎಂದು ಕಳಿಸಿಕೊಡುತ್ತಾಳೆ ಎಂದು ನಾನು ತಿಳಿದಿದ್ದೆ. ಹಾಗಂದುಕೊಂಡೇ ತಲೆಯ ಟೋಪಿ ತೆಗೆದೆ. ಗಿರಿಜಾ ಕರ್ಪೂರ ತಂದಿರಲಿಲ್ಲ. ಕೈಯನ್ನು ಹಾಗೇ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಬಾಗಿಲಲ್ಲಿ ಒಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಒಳಗ ಬರ್ರಿ" ಎಂದಳು.

ನನ್ನನ್ನು ಕರೆದಳೆಂದು ಒಂದು ಮೆಟ್ಟಿಲು ಹತ್ತಿದೆ. ಅವಳು ನನ್ನತ್ತ ನೋಡಿದಳು. ಕೋಪವೇನೂ ಇರಲಿಲ್ಲ. "ನೀವು ಹೊರಡ್ರಿ ಅಜ್ಜಾರೆ, ಕುದುರಿಗೆ ಬಿಸಿಲಾಗತೈತೆ" ಎಂದು ಬಾಗಿಲು ಮುಂದಕ್ಕೆ ಎಳೆದುಕೊಂಡಳು. ಚಿಲಕ ಬಿದ್ದ ಸದ್ದಾಯಿತು. ಒಳಗೆ ಮಣೆ ಹಾಕಿದ, ತಟ್ಟೆ ಇಟ್ಟ ಸದ್ದುಗಳು. ಆಮೇಲೆ ಅವಳ ದನಿ, ಹೊಸದಾಗಿ ಮದುವೆಯಾದವರ ಸಣ್ಣ ದನಿ:

"ಕೂಡ್ರಿ. ಅವತ್ತಿಂದ ಏನೂ ಉಂಡಿಲ್ಲ ನೀವು."